ಬೀದರಿನಲ್ಲಿ ಕುಳಿತು ಔರಾದದ ಕಂಪ್ಯೂಟರ್ ನಡೆಸಿದ್ದು

ನಾನು ಔರಾದದ ಕಾಲೇಜೊಂದರಲ್ಲಿ ಗುಮಾಸ್ತ. ಮನೆ ಬೀದರಿನಲ್ಲಿ, ಓಡಾಟ ಬಸ್ಸಿನಲ್ಲಿ. ಮೊಣಕಾಲು ಊದಿಕೊಂಡಿತೆಂದು ಡಾಕ್ಟರು ಮೂರು ದಿನ ಬಸ್ಸು ಹತ್ತಬೇಡಿ ಎಂದರು. ಆದರೆ ಪರೀಕ್ಷೆಗೆ ಕೂರುವ ಮಕ್ಕಳ ಪಟ್ಟಿ ಅಂದೇ ಸಂಜೆ ಐದರೊಳಗೆ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಅದು ಇದ್ದದ್ದು ಆಫೀಸಿನ ನನ್ನ ಕಂಪ್ಯೂಟರಿನಲ್ಲಿ.

"ಚಿಂತಿ ಬ್ಯಾಡ್ರಿ ಸರ, ಒಂದು ಸಾಫ್ಟ್‌ವೇರ್ ಹಾಕ್ಕೊಂಡು ಮನ್ಯಾಗಿಂದನೇ ಮಾಡ್ತೇನಿ!" ಎಂದು ಬೆಳಿಗ್ಗೆಯೇ ಪ್ರಿನ್ಸಿಪಾಲರಿಗೆ ಫೋನಿನಲ್ಲಿ ಘೋಷಿಸಿದೆ. ಅವರು "ಆಯ್ತ್ರಿ" ಎಂದರು.

ಕಂಪ್ಯೂಟರ್ ಕಲಿಸುವ ಲೆಕ್ಚರರ್ ಆಫೀಸಿನ ಕಡೆಯ ಜೋಡಣೆ ಮಾಡಿಕೊಟ್ಟರು. ನನ್ನ ಕಡೆಯದು ನನ್ನ ಜವಾಬ್ದಾರಿ. ಮನೆಯ ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಇಳಿಯಿತು. 'ಸರ್ವರ್ ಅಡ್ರೆಸ್' ಕೇಳಿತು. ಕಾಲೇಜಿನ ಹೆಸರು, ಬಸ್ ಸ್ಟ್ಯಾಂಡ್ ಹಿಂದೆ, ಔರಾದ, ಜಿಲ್ಲೆ ಬೀದರ್ ಎಂದು ಶ್ರದ್ಧೆಯಿಂದ ಬರೆದೆ. ಸಿಗಲಿಲ್ಲ ಎಂದಿತು. ಪಿನ್‌ಕೋಡ್ ಸೇರಿಸಿದೆ. ಆಗಲೂ ಸಿಗಲಿಲ್ಲ!

ಲೆಕ್ಚರರಿಗೆ ಫೋನ್ ಮಾಡಿದೆ.

"ಅಡ್ರೆಸ್ ಅಂದ್ರ ನಾ ಕಳ್ಸಿದ ನಂಬರ್ರೀ ಸರ. ನಡುನಡುವ ಚುಕ್ಕಿ ಇರ್ತಾವಲ್ಲ, ಅದು. ಟಪಾಲ್ ಹಾಕೂದಲ್ರಿ."

ನಂಬರ್ ಹಾಕಿದೆ. ಪಾಸ್‌ವರ್ಡ್ ಮೂರು ಸಲ ತಪ್ಪಿತು. ಅರ್ಧ ಗಂಟೆ ಕಾಯಲು ಶಿಕ್ಷೆಯಾಯಿತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಸುಮಿತ್ರಾ ಬಗ್ಗಿ ನೋಡಿದಳು.

"ಕೀಬೋರ್ಡಿನ್ಯಾಗ ಸಣ್ಣ ದೀಪ ಹತ್ತ್ಯದ ನೋಡ್ರಿ. ದೊಡ್ಡ ಅಕ್ಷರ ಬೀಳ್ಲತ್ತಾವ."

ಆ ದೀಪ ಆರಿಸಿ ಪಾಸ್‌ವರ್ಡ್ ಹಾಕಿದೆ. ಮಧ್ಯಾಹ್ನ ಎರಡು ಗಂಟೆಗೆ ಔರಾದದ ಪರದೆ ನನ್ನ ಮಡಿಲಲ್ಲಿ ಬೆಳಗಿತು! ಮೌಸಿನ ಬಾಣವನ್ನು ಅತ್ತಿತ್ತ ಓಡಾಡಿಸಿದೆ. ಪಟ್ಟಿ ಹುಡುಕುವಷ್ಟರಲ್ಲಿ ಎಲ್ಲ ಕಪ್ಪಾಯಿತು. ಕೂಡಲೇ ಅಟೆಂಡರ್ ಕಾಶಪ್ಪನ ಫೋನು.

"ಸರ, ಯಾರೂ ಮುಟ್ಟಿಲ್ಲ, ನಿಮ್ಮ ಕಂಪ್ಯೂಟರಿನ್ಯಾಗ ಬಾಣ ತಾನೇ ತಿರಗಲತ್ತಿತ್ತು! ಯಾರೋ ಕಳ್ಳರು ಹೊಕ್ಕಾರಂತ ವಾಯರ್ ಕಿತ್ತೀನಿ."

"ಕಾಶಪ್ಪಾ, ಅದು ನಾನೇ!"

"ನೀವು ಬೀದರಿನಾಗ ಇದ್ದೀರಲ್ರಿ?"

"ಹೌದು. ಅಲ್ಲೂ ಇದ್ದೀನಿ."

"ಸರ, ಜ್ವರಾನೂ ಬಂದಾವೇನ್ರಿ?"

ಬೇಡಿಕೊಂಡ ಮೇಲೆ ವಾಯರ್ ಚುಚ್ಚಿದ. ಮತ್ತೆ ಸಂಪರ್ಕ ಸಿಕ್ಕಿತು, ಆದರೆ ಎಲ್ಲವೂ ಆಮೆಗತಿ. ನನ್ನ ಲ್ಯಾಪ್‌ಟಾಪನ್ನು ಒಮ್ಮೆ ಆರಿಸಿ ಹಚ್ಚಿದರೆ ಸರಿಹೋದೀತೆಂದು ಪರದೆಯ ಮೇಲಿದ್ದ ಬಂದ್ ಮಾಡುವ ಗುಂಡಿ ಒತ್ತಿದೆ. ಬಂದ್ ಆದದ್ದು ಔರಾದದ್ದು!

ಆಗ ನಾಲ್ಕೂವರೆ. ಕಾಶಪ್ಪನಿಗೆ ಫೋನ್ ಮಾಡಿದೆ. "ಲಗೂ ಚಾಲೂ ಮಾಡೋ! ಪರೀಕ್ಷಾ ಪಟ್ಟಿ ಹೋಗಲಿಲ್ಲ ಅಂದ್ರ ಮಕ್ಕಳ ಗತಿ ಏನು?"

"ಆ ಪಟ್ಟೀನಾ? ಅದು ಮುಂಜಾನೆನೇ ಹೋಗ್ಯದರಿ. ನೀವು ಮನ್ಯಾಗಿಂದ ಮಾಡ್ತೇನಿ ಅಂದ ಕೂಡ್ಲೇ ಪ್ರಿನ್ಸಿಪಾಲರು ನಿಮ್ಮ ಕಂಪ್ಯೂಟರಿನ್ಯಾಗಿಂದ ನನ್ನ ಕೈಲೇ ಮೇಲ್ ಮಾಡ್ಸಿದ್ರು. ಕಾಲು ನೋವಿನ್ಯಾಗ ಬೇಜಾರ ಆಗ್ತಾರ, ಸರಗ ಹೇಳಬ್ಯಾಡ ಅಂದಿದ್ರು."

ಫೋನು ಇಟ್ಟೆ. ಬೆಳಗಿನಿಂದ ಕುಳಿತು ಬೆನ್ನೂ ಹಿಡಿದಿತ್ತು. ಲ್ಯಾಪ್‌ಟಾಪನ್ನು ಮೆಲ್ಲಗೆ ಹೆಂಡತಿಯ ಕಡೆ ಸರಿಸಿದೆ.

"ಇದನ್ನ ನೀನೇ ಬಂದ್ ಮಾಡು, ಸುಮಿತ್ರಾ. ನಾ ಒತ್ತಿದ್ರ ಯಾವ ಊರಿಂದು ಬಂದ್ ಆಗ್ತದೋ ಗೊತ್ತಿಲ್ಲ."