ಅರ್ಧ ನಿಮಿಷವನ್ನು ಕಿತ್ತುಕೊಂಡವರಿಗೆ

ಮಾನ್ಯರೇ,

ಅಂತರ್ಜಾಲದ ಹಾದಿಯಲ್ಲಿ ನೂರಾರು ಚಾನೆಲ್‌ಗಳನ್ನು ನಮ್ಮಂಥವರ ನಡುಮನೆಗೆ ಹರಿಸುತ್ತಿರುವ ತಮ್ಮ ಸಂಸ್ಥೆಗೂ, ಅದರ ದೂರು ವಿಭಾಗದ ಮುಖ್ಯಸ್ಥರಾದ ತಮಗೂ, ಫೋನಿನಲ್ಲಿ ಕಾಯುವವರ ಕಿವಿಗೆ ಬಿಡುವಿಲ್ಲದೆ ಕೊಳಲೂದುವ ತಮ್ಮ ಯಂತ್ರಕ್ಕೂ ಒಬ್ಬ ಬಡಪಾಯಿ ಚಂದಾದಾರನ ಅನಂತ ನಮಸ್ಕಾರಗಳು. ತಾವೆಲ್ಲ ಕ್ಷೇಮವೆಂದೂ, ಆ ಕೊಳಲಿನವನಿಗೆ ಇನ್ನೂ ದಮ್ಮು ಹತ್ತಿಲ್ಲವೆಂದೂ ನಂಬಿದ್ದೇನೆ.

ತಮ್ಮ ಮೇಲೆ ನನ್ನದೊಂದು ದೂರಿದೆ. ನಾನು ಹಿಂದೆ ಕೊಟ್ಟಿದ್ದ ದೂರನ್ನು ತಾವು ಸರಿಪಡಿಸಿಬಿಟ್ಟಿರಿ; ಅದೇ ಈಗಿನ ದೂರು. ತಮಗೆ ಗೊಂದಲವಾದರೆ ತಪ್ಪು ತಮ್ಮದಲ್ಲ, ನಡೆದದ್ದೇ ಹಾಗಿದೆ.

ನಾನು ಗಡಿಯಾರ ರಿಪೇರಿಯವನು. ಬಸ್ ನಿಲ್ದಾಣದ ಪಕ್ಕದ ಮೂಲೆಯಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲೇಬೇಕಾದ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂದೆ ಬಿದ್ದ ಗಡಿಯಾರಗಳನ್ನು ಸರಿಯಾದ ಹೊತ್ತಿಗೆ ತಂದು ನಿಲ್ಲಿಸುವುದೇ ನನ್ನ ಕಸುಬು. ಇಂಥವನು ತಮ್ಮ ಜಾಹೀರಾತಿಗೆ ಮರುಳಾಗಿ, ಹೆಂಡತಿ ಬೇಡ ಬೇಡವೆಂದರೂ ಕೇಳದೆ, ತಾರಸಿಯ ಮೇಲಿದ್ದ ಹಳೆಯ ಡಿಶ್ಶನ್ನು ಕೈಯಾರೆ ಬಿಚ್ಚಿ ಗುಜರಿಯವನಿಗೆ ಹಾಕಿದೆ. ಅಷ್ಟಕ್ಕೇ ಸುಮ್ಮನಿರದೆ, ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯ ಬಸ್ ಡ್ರೈವರಿಗೆ, ಕಾಲ ಎಲ್ಲಿಗೋ ಹೋಯಿತು, ತಾವಿನ್ನೂ ಡಿಶ್ಶನ್ನೇ ನೆಚ್ಚಿಕೊಂಡಿದ್ದೀರಲ್ಲ ಎಂದು ಉಪದೇಶವನ್ನೂ ಮಾಡಿ ಬಂದೆ. ಮೊದಲ ಕ್ರಿಕೆಟ್ ಪಂದ್ಯದಲ್ಲೇ ನನ್ನ ಬುದ್ಧಿವಂತಿಕೆ ಬಯಲಾಯಿತು. ನಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುವಾಗಲೇ ಗೋಡೆಯಾಚೆ ಡ್ರೈವರು ವಿಕೆಟ್ ಬಿತ್ತೆಂದು ಮೇಜು ಗುದ್ದಿದರು. ತಮ್ಮ ಚಿತ್ರವು ಲೋಕಕ್ಕಿಂತ ಅರ್ಧ ನಿಮಿಷ ಹಿಂದಿತ್ತು. ನನ್ನ ಕುರ್ಚಿ ಆ ಗೋಡೆಗೆ ಒರಗಿದ್ದರಿಂದ ಕೇಳಿಸಿತು. ಫ್ಯಾನಿನ ಗಡಗಡದ ಕೆಳಗೆ ಕೂತ ಹೆಂಡತಿ, ಮಗಳಿಗೆ ಕೇಳಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ತಮಗೆ ಮಾತ್ರ ಗುಟ್ಟಾಗಿ ದೂರು ಕೊಟ್ಟೆ. ಟಿವಿಯ ಹಿಂದಿನ ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿ ಎಂದಿರಿ, ಮಾಡಿದೆ. ತಂತಿ ಕಿತ್ತು ಮತ್ತೆ ಸಿಕ್ಕಿಸಿ ಎಂದಿರಿ, ಸಿಕ್ಕಿಸಿದೆ. ಕೊನೆಗೆ, ನಿಮ್ಮ ಅನುಭವ ನಮಗೆ ಅಮೂಲ್ಯ ಎಂಬ ಸಂದೇಶ ಕಳಿಸಿ ಮೌನವಾದಿರಿ. ನನ್ನ ಅನುಭವವನ್ನು ಅಮೂಲ್ಯವೆಂದವರು ಈ ಭೂಮಿಯ ಮೇಲೆ ತಾವೊಬ್ಬರೇ ಆದ್ದರಿಂದ ಆ ಸಂದೇಶವನ್ನು ನಾನಿನ್ನೂ ಅಳಿಸಿಲ್ಲ.

ಆಮೇಲಿನದು ತಮ್ಮ ಕೃಪೆ. ಒಂದು ಸಂಜೆ ಗೋಡೆಯಾಚೆ ಸಿಳ್ಳೆ ಕೇಳಿ, ಯೋಚಿಸದೆ, ಈಗೊಂದು ಸಿಕ್ಸರ್ ಎಂದುಬಿಟ್ಟೆ. ಚೆಂಡು ಹೋಗಿ ಪ್ರೇಕ್ಷಕರ ನಡುವೆ ಬಿತ್ತು. ಮಗಳು ಮೊಬೈಲಿನಿಂದ ತಲೆ ಎತ್ತಿದಳು. ಅವಳ ಮುಖವನ್ನು ನೇರವಾಗಿ ನೋಡಿ ಎಷ್ಟೋ ಕಾಲವಾಗಿತ್ತು. ಗುದ್ದಿದರೆ ವಿಕೆಟ್, ಸಿಳ್ಳೆ ಹೊಡೆದರೆ ಸಿಕ್ಸರ್, ಬೈದರೆ ಕೈಚೆಲ್ಲಿದ ಕ್ಯಾಚು ಎಂಬ ಡ್ರೈವರ ಶಾಸ್ತ್ರವನ್ನು ನಾನು ಶ್ರದ್ಧೆಯಿಂದ ಕಲಿತೆ. ಹಿತ್ತಲ ಗಿಡ ಮದ್ದಲ್ಲವೆಂಬಂತೆ ಇದ್ದವನು ಮನೆಯ ಕಾಲಜ್ಞಾನಿಯಾದೆ. ಛತ್ರಿ ಒಯ್ಯಲೋ ಬೇಡವೋ ಎಂದು ಹೆಂಡತಿ ಕೇಳಿದಳು, ಯಾವ ಪಾಠ ಪರೀಕ್ಷೆಗೆ ಬರುತ್ತದೆಂದು ಮಗಳು ಕೇಳಿದಳು. ಗೋಡೆಗೂ ಕಿವಿ ಇರುತ್ತದೆಂದು ಹಿರಿಯರು ಹೇಳಿದ್ದರು. ಬಾಯಿಯೂ ಇರುತ್ತದೆಂದು ತೋರಿಸಿಕೊಟ್ಟ ತಮಗೆ ನಾನು ಚಿರಋಣಿ.

ನಮ್ಮ ಅತ್ತೆಯ ವಿಷಯವನ್ನು ಇಲ್ಲಿ ಅರಿಕೆ ಮಾಡಬೇಕು. ಹೆಂಡತಿಯ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದು, ಒಳಕೋಣೆಯ ಮಂಚದ ಮೇಲೆ ಕೂತು ಬಾಗಿಲು ತೆರೆದಿಟ್ಟುಕೊಂಡು ಟಿವಿಯನ್ನು ಕೇಳುತ್ತಿದ್ದರೇ ಹೊರತು ನೋಡುತ್ತಿರಲಿಲ್ಲ. ಆಪರೇಷನ್ ಎಂದರೆ ಅವರಿಗೆ ಜೀವ ಹೋದಷ್ಟು ಹೆದರಿಕೆ. ಡಾಕ್ಟರು ಹೇಳಿದರು, ಹೆಂಡತಿ ಅತ್ತಳು, ಮಗಳು ಮುನಿಸಿಕೊಂಡಳು, ಅವರು ಜಗ್ಗಲಿಲ್ಲ. ಹೀಗಿರುವಾಗ ಒಂದು ದಿನ ಇದ್ದಕ್ಕಿದ್ದಂತೆ, ಅಳಿಯಂದಿರು ಭವಿಷ್ಯ ಹೇಳಲಿ, ಚೆನ್ನಾಗಿ ಆಗುತ್ತದೆ ಎಂದರೆ ಹೋಗುತ್ತೇನೆ ಎಂದರು. ಎಲ್ಲರೂ ನನ್ನತ್ತ ತಿರುಗಿದರು. ನಾನು ಕಣ್ಣು ಮುಚ್ಚಿ, ಹಣೆಗೆ ಬೆರಳಿಟ್ಟು, ಚೆನ್ನಾಗಿಯೇ ಆಗುತ್ತದೆ ಎಂದೆ. ಆಸ್ಪತ್ರೆಯಲ್ಲಿ ದಿನ ಗೊತ್ತಾಯಿತು.

ತಾವು ಎಚ್ಚರಗೊಂಡದ್ದು ಸರಿಯಾಗಿ ಅದರ ಹಿಂದಿನ ದಿನ. ನಾನು ಅಂಗಡಿಯಲ್ಲಿದ್ದಾಗ ತಮ್ಮ ಮೆಕ್ಯಾನಿಕ್ ಬಂದು, ಹಳೆಯ ದೂರಿನ ಮೇರೆಗೆ ಟಿವಿಯ ಹಿಂದಿನ ಪೆಟ್ಟಿಗೆಯನ್ನು ಬದಲಿಸಿ ಹೋಗಿದ್ದ; ನನಗೆ ಯಾರೂ ಹೇಳಲಿಲ್ಲ. ಸಂಜೆ ಪಂದ್ಯಕ್ಕೆ ಗತ್ತಿನಿಂದ ಕೂತೆ. ಡ್ರೈವರು ಗುದ್ದಿದ ಕ್ಷಣದಲ್ಲೇ ನಮ್ಮ ಟಿವಿಯಲ್ಲೂ ವಿಕೆಟ್ ಬಿದ್ದಿತ್ತು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತೇನೋ. ಆದರೆ ಅತ್ತೆ ಒಳಗಿನಿಂದ, ಈಗೇನಾಗುತ್ತದೆ ಎಂದು ಕೇಳುತ್ತಿದ್ದರು. ಸಿಕ್ಸರ್ ಎಂದೆ, ಔಟಾದ. ವಿಕೆಟ್ ಎಂದೆ, ಬೌಂಡರಿಗೆ ಹೊಡೆದ. ಇನ್ನು ಮಳೆ ಬಂದು ಆಟ ನಿಲ್ಲುತ್ತದೆ ಎಂದೆ, ಮೈದಾನದ ಮೇಲೆ ಚಂದ್ರ ಇನ್ನಷ್ಟು ಹೊಳೆದ. ಮಗಳು ಬಿದ್ದು ಬಿದ್ದು ನಕ್ಕಳು, ಹೆಂಡತಿ ನಗಲಿಲ್ಲ. ನಾಳೆ ಅತ್ತೆ ಹೋಗುವುದಿಲ್ಲ, ಅವರ ಕಣ್ಣು ಹೋದರೆ ಅದಕ್ಕೆ ನಾನೇ ಹೊಣೆ ಎಂದು ನನಗೆ ಖಚಿತವಾಯಿತು.

ಅತ್ತೆ ನನ್ನನ್ನು ಒಳಗೆ ಕರೆದರು. ಪೆಟ್ಟಿಗೆ, ಡಿಶ್ಶು, ಡ್ರೈವರು ಎಂದು ಎಲ್ಲವನ್ನೂ ಒಪ್ಪಿಸಲು ಹೊರಟವನನ್ನು ಅವರು ತಡೆದರು.

“ನನ್ನ ಮಂಚಾನೂ ಅದೇ ಗೋಡೆಗೇ ಇರೋದು ಅಳಿಯಂದ್ರೇ. ಪೊರೆ ಬಂದಿರೋದು ಕಣ್ಣಿಗೆ, ಕಿವಿಗಲ್ಲ.”

ಹಾಗಾದರೆ ನನ್ನನ್ನೇಕೆ ಕೇಳಿದಿರಿ ಎಂದೆ.

“ಡಾಕ್ಟರು ಎಲ್ರಿಗೂ ಹೇಳೋದನ್ನೇ ನನಗೂ ಹೇಳ್ತಾರೆ. ನೀವು ನನಗೋಸ್ಕರ ಅಂತಾನೇ ಒಂದು ಸುಳ್ಳು ಹೇಳಿದ್ರಿ. ನಾಳೆ ಒಳಗೆ ಹೋಗೋ ಮುಂಚೆ ಅದನ್ನೇ ಇನ್ನೊಂದ್ಸಲ ಹೇಳಿ, ಸಾಕು.”

ಮರುದಿನ ಆಸ್ಪತ್ರೆಯ ಬಾಗಿಲಲ್ಲಿ ಹೇಳಿದೆ. ಈ ಸಲ ಹಣೆಗೆ ಬೆರಳಿಡಲಿಲ್ಲ. ಅವರು ನನ್ನ ಕೈ ಅದುಮಿ ಒಳಗೆ ಹೋದರು.

ಆದುದರಿಂದ ಮಾನ್ಯರೇ, ನನ್ನ ಕೋರಿಕೆ ಇಷ್ಟೇ. ಮನೆಯ ಟಿವಿಯಲ್ಲಿ ಅರ್ಧ ನಿಮಿಷ ಇಲ್ಲದಿದ್ದರೂ ನಡೆಯುತ್ತದೆ, ಛತ್ರಿಯ ವಿಷಯದಲ್ಲಿ ನಾನು ಮೊದಲಿನಿಂದಲೂ ತಪ್ಪುತ್ತಿದ್ದೆ. ತಮಗೆ ಅಷ್ಟೊಂದು ತಂತ್ರಜ್ಞಾನವಿದೆಯಲ್ಲ, ನಮ್ಮಿಂದ ಕಿತ್ತುಕೊಂಡ ಆ ಅರ್ಧ ನಿಮಿಷವನ್ನು ದಯಮಾಡಿ ಆಪರೇಷನ್ ಕೋಣೆಯ ಹೊರಗಿನ ಬೆಂಚಿಗೆ ಒದಗಿಸಿಕೊಡಿ. ಅಂದು ಆ ಬೆಂಚಿನ ಮೇಲೆ, ಗೋಡೆಗೆ ಕಿವಿಗೊಟ್ಟು, ಆಚೆಯಿಂದ ಯಾರಾದರೂ ಒಂದು ಸಿಳ್ಳೆ ಹೊಡೆಯಲಿ ಎಂದು ನಾನು ಕಾದಷ್ಟು ಯಾವ ಪಂದ್ಯಕ್ಕೂ ಕಾದವನಲ್ಲ.

ತಮ್ಮ ತಡವನ್ನೂ ತಮ್ಮ ಚುರುಕನ್ನೂ ಸಮನಾಗಿ ಅನುಭವಿಸಿದ,
ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯವನು

ತಾ.ಕ.: ಆಪರೇಷನ್ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಅತ್ತೆ ಟಿವಿಯ ಮುಂದೆ ಕೂತು, ಪರದೆಯ ಅಡಿಯಲ್ಲಿ ತಾವು ಇರುವೆ ಸಾಲಿನಂತೆ ಓಡಿಸುವ ಷರತ್ತುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದಿದರು. ಇನ್ನು ಮೇಲೆ ತಮ್ಮೊಡನೆ ಪತ್ರವ್ಯವಹಾರವನ್ನು ಅವರೇ ನೋಡಿಕೊಳ್ಳುತ್ತಾರಂತೆ. ಅವರು ‘ಮಾನ್ಯರೇ’ ಎಂದು ಆರಂಭಿಸುವವರಲ್ಲ.