ರಾಜನ ಬಲಗಾಲು

ಸಿಟ್ಟು ನನಗೆ ಬಂದು ಹೋಗುವುದಿಲ್ಲವಂತೆ, ಬಾಡಿಗೆ ಕೊಡದೆ ನನ್ನೊಳಗೇ ಸಂಸಾರ ಹೂಡಿದೆಯಂತೆ. ಮನೆಗೆ ಬಂದವರಿಗೆಲ್ಲ ನನ್ನ ಹೆಂಡತಿ ನನ್ನನ್ನು ಪರಿಚಯ ಮಾಡಿಕೊಡುವುದೇ ಹೀಗೆ. ನೀವೇ ಹೇಳಿ, ಅರ್ಧ ಆಯಸ್ಸು ಊರಿಂದೂರಿಗೆ ಬಸ್ಸು ಓಡಿಸಿದವನಿಗೆ ಸಿಟ್ಟು ಬಾರದೆ ಇನ್ನೇನು ನಿದ್ದೆ ಬರಬೇಕೆ? (ಬಂದರೆ ನಿಮಗೇ ಅಪಾಯ.)

ಹೆಂಡತಿ ಅಂದದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳುವವನಲ್ಲ. ಹಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಸನ್ಯಾಸಿಯಾಗಿರುತ್ತಿದ್ದೆ. ಆದರೆ ಈ ಸಲ ಅಂದವಳು ಮಗಳು. ಅವಳನ್ನು ನಾನು ಚೆಕಿಂಗು ಎಂದು ಕರೆಯುತ್ತೇನೆ. ನಡುದಾರಿಯಲ್ಲಿ ಬಸ್ಸು ಹತ್ತಿ ಟಿಕೆಟ್ಟು ತಪಾಸಣೆ ಮಾಡುವ ಸಾಹೇಬರ ಹಾಗೆ, ಮಾತು ಕಮ್ಮಿ, ನೋಟ ಜಾಸ್ತಿ. ಅವಳ ತಮ್ಮನ ಹೆಸರು ಪೀಪಿ. ಎದ್ದಾಗಿನಿಂದ ಮಲಗುವ ತನಕ ಬಾಯಲ್ಲಿ ಹಾರನ್ನು ಹೊಡೆಯುವುದೇ ಅವನ ಉದ್ಯೋಗ.

ರಜೆಯ ದಿನ ಇಬ್ಬರೂ ನೆಲದ ಮೇಲೆ ಅಂಗಡಿ ಹರಡಿಕೊಂಡು ಕೂತಿದ್ದರು. ರಟ್ಟು, ಬಣ್ಣದ ಕಾಗದ, ಗೋಂದು, ಹಳೇ ಅಂಗಿಯ ಗುಂಡಿ, ಉಲ್ಲನ್ ದಾರ. ನನಗೂ ಉತ್ಸಾಹ ಉಕ್ಕಿತು. ಪಂಚೆ ಎತ್ತಿ ಕಟ್ಟಿ ಕೂರಲು ಹೋದೆ. ಚೆಕಿಂಗು ತಲೆ ಕೂಡ ಎತ್ತಲಿಲ್ಲ.

"ಅಪ್ಪಾ, ನೀನು ಬೇಡ. ನಿನಗೆ ಸಿಟ್ಟು ಬರುತ್ತೆ, ಕಾಗದ ಹರಿಯುತ್ತೆ."

ಅಷ್ಟೇ. ಎದೆಗೆ ಗುದ್ದಿದ ಹಾಗಾಯಿತು. ಹಿಂದೊಮ್ಮೆ ಕಾಗದದ ಹಡಗು ಮಾಡುವಾಗ ಗೋಂದು ನನ್ನ ಬೆರಳಿಗೆ ಅಂಟಿಕೊಂಡು, ನಾನು ಹಡಗನ್ನೇ ಕಿಟಕಿಯಿಂದ ಆಚೆ ಎಸೆದದ್ದು ನಿಜ. ಅದು ಪಕ್ಕದ ಮನೆಯವರ ನೀರಿನ ತೊಟ್ಟಿಗೆ ಹೋಗಿ ಬಿತ್ತು. ಬಿದ್ದದ್ದನ್ನು ಎಲ್ಲರೂ ಹೇಳುತ್ತಾರೆ, ತೇಲಿದ್ದನ್ನು ಯಾರೂ ಹೇಳುವುದಿಲ್ಲ.

"ಊರೋರ ಮಕ್ಕಳನ್ನೆಲ್ಲ ಊರು ಮುಟ್ಟಿಸ್ತೀರಿ. ನಿಮ್ಮ ಮಕ್ಕಳ ಹತ್ರ ಕೂರೋಕೆ ನಿಮಗೇ ಸೀಟಿಲ್ಲ ನೋಡಿ," ಎಂದಳು ಹೆಂಡತಿ, ಒಳಗಿನಿಂದ.

ಆಗಲೇ ನಾನು ಘನಘೋರ ಪ್ರತಿಜ್ಞೆ ಮಾಡಿದ್ದು. ನನ್ನ ನಾದಿನಿಯ ಮಗಳು ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡು, ಪ್ಲಾಸ್ಟರು ಹಾಕಿಸಿಕೊಂಡು ಹಾಸಿಗೆಯಲ್ಲಿದ್ದಳು. ತಾನೇ ಬಂದು ಬೊಂಬೆಯಾಟ ತೋರಿಸುವುದಾಗಿ ಚೆಕಿಂಗು ಅವಳಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದಳು. ಆ ಮಗು ಬೆಳಗ್ಗೆ ಎದ್ದರೆ "ಅಕ್ಕ ಬಂದ್ಲಾ?" ಎಂದೇ ಕೇಳುತ್ತಿತ್ತಂತೆ. ಬೊಂಬೆಗಳು ಇನ್ನೂ ಅರ್ಧವಾಗಿರಲಿಲ್ಲ.

"ನಾನು ರಜಾ ಹಾಕ್ತೀನಿ. ನಾಳೆ ಎಲ್ಲರೂ ಬಸ್ಸಲ್ಲಿ ಹೋಗೋಣ. ಉಳಿದ ಕೆಲಸ ಬಸ್ಸಲ್ಲೇ ಆಗುತ್ತೆ, ನಾನೂ ಕೂತು ಮಾಡ್ತೀನಿ. ಒಂದು ಸಿಟ್ಟಿನ ಮಾತಾಡಿದ್ರೆ ಕೇಳು!" ಎಂದು ಘೋಷಿಸಿದೆ. ಸಂಸಾರ, ಪ್ರವಾಸ, ಕರಕುಶಲ ಕಲೆ, ಮೂರನ್ನೂ ಒಂದೇ ಟ್ರಿಪ್ಪಿನಲ್ಲಿ ಹೊಡೆದುಬಿಡುವ ನನ್ನ ಯೋಜನೆಗೆ ನಾನೇ ಬೆರಗಾದೆ.

"ಬಸ್ಸಲ್ಲಾ?" ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. "ಬೇರೆಯವರು ಓಡಿಸೋ ಬಸ್ಸಲ್ಲಿ ನೀವು ತೆಪ್ಪಗೆ ಕೂರ್ತೀರಾ?"

"ಕೂರ್ತೀನಿ."

"ಡ್ರೈವರ್‌ಗೆ ಪಾಠ ಹೇಳಲ್ಲ?"

"ತುಟಿ ಪಿಟಕ್ಕನ್ನಲ್ಲ."

ಚೆಕಿಂಗು ನನ್ನನ್ನು ಮೇಲಿಂದ ಕೆಳಗೆ ತಪಾಸಣೆ ಮಾಡಿದಳು. "ಸರಿ, ಬಾ. ಆದ್ರೆ ಸಿಟ್ಟು ಬಂದ್ರೆ ಇನ್ಮೇಲೆ ಕತ್ತರಿ ಮುಟ್ಟೋ ಹಾಗಿಲ್ಲ. ಯಾವತ್ತೂ."

ನನ್ನ ಇಡೀ ತಂದೆತನ ಈಗ ಒಂದು ಕತ್ತರಿಯ ಮೇಲೆ ನಿಂತಿತ್ತು.

ಮರುದಿನ ಬಸ್ಸು ಹತ್ತಿದೆವು. ನಮಗೆ ಸಿಕ್ಕಿದ್ದು ಡ್ರೈವರನ ಹಿಂದಿನ ಸೀಟು. ಅವನೊಬ್ಬ ಎಳೆಯ. ಮೀಸೆ ಬಂದಿತ್ತು, ಆದರೆ ಇನ್ನೂ ರಿಜಿಸ್ಟ್ರಿ ಆಗಿರಲಿಲ್ಲ. ಹೊರಡುವಾಗಲೇ ಕ್ಲಚ್ಚಿನ ಮೇಲೆ ಕಾಲಿಟ್ಟವನು ತೆಗೆಯಲೇ ಇಲ್ಲ, ಅದೇನು ಅವನ ಅತ್ತೆ ಮನೆಯ ಕಾಲುಮಣೆಯೋ ಎಂಬಂತೆ. ನನ್ನ ನಾಲಿಗೆ ತುರಿಸಿತು. ಬಿಸ್ಕತ್ತು ತುರುಕಿಕೊಂಡೆ. ಗೇರು ಬದಲಾಯಿಸುವಾಗ ಕರ್‌ರ್ ಎಂದಿತು. ಇನ್ನೊಂದು ಬಿಸ್ಕತ್ತು. ಊರ ಗಡಿ ದಾಟುವಷ್ಟರಲ್ಲಿ ಪೊಟ್ಟಣ ಖಾಲಿ.

ಆದರೆ ನನ್ನ ಕೈ ಅಂದು ನಿಜಕ್ಕೂ ಸುವರ್ಣ ಹಸ್ತವಾಗಿತ್ತು. ಕುಲುಕುವ ಬಸ್ಸಿನಲ್ಲಿ ಬೇರೆಯವರ ಕತ್ತರಿ ಹೊಯ್ದಾಡಿದರೆ ನನ್ನದು ಗೆರೆ ತಪ್ಪಲಿಲ್ಲ. ಬಸ್ಸು ಎಲ್ಲಿ ಕುಲುಕುತ್ತದೆ ಎನ್ನುವುದು ನನ್ನ ಸೊಂಟಕ್ಕೆ ಮೊದಲೇ ಗೊತ್ತಾಗುತ್ತದೆ. ರಾಜನಿಗೆ ಕಿರೀಟ ಕತ್ತರಿಸಿದೆ. ಉಲ್ಲನ್ ದಾರದಲ್ಲಿ ಮೀಸೆ ಅಂಟಿಸಿದೆ. (ಡ್ರೈವರನ ಮೀಸೆಗಿಂತ ಇದೇ ಭರ್ತಿಯಾಗಿತ್ತು.) ರಾಜನ ಕಾಲು ಅಲುಗಾಡಬೇಕು, ಹೇಗೆ ಎಂದು ಚೆಕಿಂಗು ತಲೆ ಕೆರೆದುಕೊಂಡಾಗ, "ವೈಪರ್ ತರ ಮಾಡೋಣ" ಎಂದೆ. ತೊಡೆಯ ಹತ್ತಿರ ತೂತು, ಅದಕ್ಕೆ ದಾರದ ಗಂಟು, ಹಿಂದೆ ಎಳೆಯಲು ಇನ್ನೊಂದು ದಾರ. ಎಳೆದರೆ ಬಲಗಾಲು ಮೇಲೆ, ಬಿಟ್ಟರೆ ಟಪ್ಪೆಂದು ಕೆಳಗೆ.

ಚೆಕಿಂಗು ಎಳೆದು ನೋಡಿದಳು. ಬಿಟ್ಟು ನೋಡಿದಳು. ಆಮೇಲೆ ನನ್ನ ತೋಳಿಗೆ ಒರಗಿಕೊಂಡಳು.

"ಚೆನ್ನಾಗಿದೆ ಅಪ್ಪಾ," ಎಂದಳು.

ಹೊಸ ಬಸ್ಸಿನ ಕೀಲಿ ಕೈಗೆ ಕೊಟ್ಟಾಗಲೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಸೋತವರು ಹಾಗೇ ತಿರುಗಿಸಿಕೊಳ್ಳುವುದು.

ಅರಮನೆ ಎಂದರೆ ಬೂಟಿನ ಪೆಟ್ಟಿಗೆ. ಅದಕ್ಕೆ ಕಮಾನು, ಗೋಪುರ, ಸಿಗರೇಟು ಕಾಗದದ ಬೆಳ್ಳಿ ಬಾಗಿಲು. ಒಣಗಬೇಕಾದ್ದರಿಂದ ರಾಜನನ್ನೂ ಅದರೊಳಗೇ ಮಲಗಿಸಿದೆವು. "ತೊಡೆ ಮೇಲೆ ಇಟ್ಕೋತೀನಿ" ಎಂದಳು ಹೆಂಡತಿ. "ಬಿದ್ದುಬಿಡುತ್ತೆ! ಬಸ್ಸಿನ ವಿಚಾರ ನನಗೆ ಗೊತ್ತಾ ನಿನಗಾ? ಇಲ್ಲಿಡು," ಎಂದು ನನ್ನ ಕಾಲ ಬುಡದಲ್ಲೇ ಇಡಿಸಿದೆ. "ಇದಕ್ಕಿಂತ ಭದ್ರವಾದ ಜಾಗ ಈ ಬಸ್ಸಲ್ಲೇ ಇಲ್ಲ."

ಮುಂದೆ ಒಂದು ತಿರುವು. ಎಡಗಡೆಯ ಸಣ್ಣ ದಾರಿಯಿಂದ ಒಬ್ಬ ಸೈಕಲ್ಲಿನವನು ಬರುತ್ತಿರುವುದು ನನಗೆ ಕಂಡಿತು. ಎಳೆಯನಿಗೆ ಕಾಣಲಿಲ್ಲ. ನಾನು ನಾಲಿಗೆ ಕಚ್ಚಿಕೊಂಡೆ. ಸೈಕಲ್ಲು ಹತ್ತಿರ ಬಂತು. ಕಚ್ಚಿಕೊಂಡೇ ಇದ್ದೆ. ಈಗಾದರೂ ಹಾಕುತ್ತಾನೆ, ಈಗ ಹಾಕುತ್ತಾನೆ, ಈಗ...

ನಾಲಿಗೆ ನನ್ನ ಮಾತು ಕೇಳಿತು. ಕಾಲು ಕೇಳಲಿಲ್ಲ.

ನನ್ನ ಬಲಗಾಲು ಬುಡಮಟ್ಟ ಬ್ರೇಕು ಒತ್ತಿತು. ಬ್ರೇಕು ಇರಬೇಕಾದ ಜಾಗದಲ್ಲಿ ಅರಮನೆ ಇತ್ತು. ಚರಕ್!

ಮಜಾ ನೋಡಿ, ಅದೇ ಕ್ಷಣಕ್ಕೆ ಎಳೆಯನೂ ಬ್ರೇಕು ಹಾಕಿದ, ಸೈಕಲ್ಲಿನವನು ಆರಾಮಾಗಿ ದಾಟಿಕೊಂಡು ಹೋದ. ಜಗತ್ತಿನಲ್ಲಿ ಯಾರಿಗೂ ಏನೂ ಆಗಲಿಲ್ಲ, ನಮ್ಮ ರಾಜನನ್ನು ಬಿಟ್ಟು.

ಬಾಯಿಗೆ ಕಟ್ಟಿದ್ದ ಕಟ್ಟೆ ಆಗ ಒಡೆಯಿತು. "ಏಯ್! ಕಣ್ಣೇನು ಡಿಪೋದಲ್ಲಿ ಬಿಟ್ಟು ಬಂದಿದ್ದೀಯಾ? ಆಗಿನಿಂದ ನೋಡ್ತಿದ್ದೀನಿ, ಕ್ಲಚ್ಚಿನ ಮೇಲೇ ನಿದ್ದೆ ಮಾಡ್ತಿದ್ದೀಯಾ! ಬ್ರೇಕು ಹಾಕೋಕೆ ಮುಹೂರ್ತ ಬೇಕಾ ನಿನಗೆ?"

ಎಳೆಯ ಕನ್ನಡಿಯಲ್ಲೇ ನನ್ನನ್ನು ನೋಡಿದ. "ಯಜಮಾನ್ರೇ, ನಾನು ಬ್ರೇಕು ಹಾಕಿದ್ದಕ್ಕೇ ಬಸ್ಸು ನಿಂತಿರೋದು. ನೀವು ಹಾಕಿದ್ದರಿಂದ ಏನಾಯ್ತು, ಒಂಚೂರು ಕೆಳಗೆ ನೋಡ್ಕೊಳ್ಳಿ."

ಕೆಳಗೆ ನೋಡಿದೆ. ಗೋಪುರ ನನ್ನ ಚಪ್ಪಲಿಗೆ ಅಂಟಿಕೊಂಡಿತ್ತು. ಪೀಪಿ ಹಾರನ್ನು ಹೊಡೆಯುವುದನ್ನೂ ನಿಲ್ಲಿಸಿದ್ದ. ಚೆಕಿಂಗು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು, ಸಮಾಧಾನ ಮಾಡುತ್ತಿದ್ದೆ. ಅವಳು ಸುಮ್ಮನೆ ಕೈ ಚಾಚಿದಳು. ನಾನು ಕತ್ತರಿ ಒಪ್ಪಿಸಿದೆ. ಲೈಸೆನ್ಸು ಒಪ್ಪಿಸುವುದು ಹೇಗಿರುತ್ತದೆಂದು ಅಂದು ತಿಳಿಯಿತು.

"ಭದ್ರವಾದ ಜಾಗ," ಎಂದಳು ಹೆಂಡತಿ ಕಿಟಕಿಗೆ.

ತಾಯಿ ಮಗಳು ಚೂರುಗಳನ್ನು ಆಯ್ದುಕೊಂಡು ಮತ್ತೆ ಅಂಟಿಸತೊಡಗಿದರು. ನಾನು ಎರಡೂ ಕಾಲು ಸೀಟಿನ ಮೇಲೆ ಮಡಿಸಿಕೊಂಡು, ಶಿಕ್ಷೆಗೆ ಕೂತ ಹುಡುಗನ ಹಾಗೆ ಕೂತೆ. ಊರು ಹತ್ತಿರ ಬಂದಾಗ ನನಗೆ ಇನ್ನೊಂದು ಚಿಂತೆ ಹತ್ತಿತು. ನನ್ನ ಷಡ್ಡಕ! ನಾದಿನಿಯ ಗಂಡ. ಗಡಿಯಾರ ರಿಪೇರಿ ಮಾಡುವವನು. ಆತುರ ಎನ್ನುವುದು ಗೊತ್ತಿಲ್ಲ, ದನಿ ಏರಿಸಿದವನಲ್ಲ. ನನ್ನ ಹೆಂಡತಿಗೆ ಅವನು ನಡೆದಾಡುವ ಉದಾಹರಣೆ. ಅವನ ಮುಂದೆ ಈ ವಿಷಯ ಬಂದರೆ ನನ್ನ ಮರ್ಯಾದೆ ಏನಾಗಬೇಕು?

"ಚೆಕಿಂಗು, ಚಿಕ್ಕಪ್ಪನ ಹತ್ರ ಹೇಳಬೇಡ ಪುಟ್ಟಾ. ಯಾರೋ ಮೂಟೆ ಇಟ್ಟುಬಿಟ್ರು ಅನ್ನೋಣ."

ಅವಳು ಯೋಚಿಸಿದಳು. "ನಾವು ಯಾರೂ ಹೇಳಲ್ಲ. ನೀನೂ ಹೇಳಬಾರ್ದು. ಆಟ ಮುಗಿಯೋ ತನಕ ಒಂದು ಮಾತಾಡದೆ ಕೂತ್ರೆ ಕತ್ತರಿ ವಾಪಸ್."

ಇದೂ ಒಂದು ಷರತ್ತೇ? ನನ್ನ ಮರ್ಯಾದೆಯನ್ನು ನಾನೇ ಕಳೆದುಕೊಳ್ಳಲು ನನಗೇನು ಹುಚ್ಚೇ? ತಕ್ಷಣ ಒಪ್ಪಿದೆ.

ನಾದಿನಿಯ ಮನೆಯಲ್ಲಿ ಮಗುವಿನ ಮಂಚದ ಎದುರು ಕುರ್ಚಿಗಳನ್ನಿಟ್ಟು ಅವುಗಳ ನಡುವೆ ಹೊದಿಕೆ ಕಟ್ಟಿದರು. ಮಗು ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು, ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಷಡ್ಡಕ ಸೊಟ್ಟ ಅರಮನೆಯನ್ನು ನೋಡಿ, ನಮ್ಮ ಮೂಟೆಯ ಕತೆ ಕೇಳಿ, "ಮೂಟೆ ಇಟ್ರಾ? ಎಂಥಾ ಜನ ಅಣ್ಣಾ, ಕಾಲ ಕೆಳಗೆ ಏನಿದೆ ಅಂತಾನೂ ನೋಡಲ್ಲ," ಎಂದು ಮರುಗಿದ. ನಾನೂ ಮರುಗಿದೆ. ಹೆಂಡತಿ ಕೆಮ್ಮಿದಳು.

ಆಟ ಶುರುವಾಯಿತು. ಹೊದಿಕೆಯ ಹಿಂದಿನಿಂದ ಚೆಕಿಂಗಿನ ದನಿ.

"ಒಂದೂರಲ್ಲಿ ಒಬ್ಬ ರಾಜ. ಅವನ ಅರಮನೆ ಒಂದು ಕಡೆ ವಾಲಿತ್ತು. ಯಾಕೆ ವಾಲಿತ್ತು? ರಾಜನ ಕಾಲು ರಾಜನ ಮಾತು ಕೇಳ್ತಿರಲಿಲ್ಲ!"

ರಾಜ ಮೇಲೆ ಬಂದ. ಕಿರೀಟ ಚಪ್ಪಟೆ, ಮೀಸೆ ಒಂದೇ ಕಡೆ, ಬಿಸ್ಕತ್ತಿನ ಪೊಟ್ಟಣದ ರಟ್ಟಿನಿಂದ ತೇಪೆ ಹಾಕಿದ ಒಂದು ಕಾಲು ಇನ್ನೊಂದಕ್ಕಿಂತ ಉದ್ದ. ಬೇರೆಯವರು ಓಡಿಸುವ ರಥದಲ್ಲಿ ಕೂತ. ಪೀಪಿ ಹಾರನ್ನು ಹೊಡೆದ. ರಾಜನ ಕಾಲು ಮೇಲೆದ್ದು ಟಪ್! ಮಂತ್ರಿಯ ಲಾಡು ಅಪ್ಪಚ್ಚಿ. ಮತ್ತೆ ಹಾರನ್ನು. ಟಪ್! ರಾಣಿಯ ವೀಣೆ ಅಪ್ಪಚ್ಚಿ. ಮಂಚದ ಮೇಲಿನ ಮಗು ಕಿಲಕಿಲ ನಗುತ್ತಾ, "ಇವನ ಕಾಲಿಗೇ ಪ್ಲಾಸ್ಟರು ಹಾಕ್ಬೇಕು!" ಎಂದಿತು. ನಾದಿನಿ ಕಣ್ಣೊರೆಸಿಕೊಂಡಳು. ಷಡ್ಡಕ, "ಈ ಮಕ್ಕಳಿಗೆ ಇಂಥ ಕಲ್ಪನೆ ಎಲ್ಲಿಂದ ಬರುತ್ತೋ!" ಎಂದು ತಲೆದೂಗಿದ.

ಯಾರಿಗೂ ಅನುಮಾನವಿಲ್ಲ. ನಾನು ಕಲ್ಲಿನ ವಿಗ್ರಹದ ಹಾಗೆ ಕೂತಿದ್ದೆ. ಇನ್ನೇನು ಮುಗಿಯುತ್ತದೆ, ಕತ್ತರಿ ನನ್ನದು.

ಆಗ ನನ್ನ ಕಣ್ಣು ರಾಜನ ಕಾಲಿನ ಮೇಲೆ ಬಿತ್ತು. ಎಡಗಡೆಯ ಕಾಲು ಎತ್ತುತ್ತಿದ್ದಾನೆ! ಬ್ರೇಕನ್ನು ಎಡಗಾಲಲ್ಲಿ! ಸಹಿಸಿಕೊಂಡೆ. ಟಪ್! ಮತ್ತೆ ಎಡಗಾಲು. ಹಲ್ಲು ಕಚ್ಚಿದೆ. ಎಷ್ಟು ಹೊಸಬರಿಗೆ ಬಸ್ಸು ಕಲಿಸಿದವನು ನಾನು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಹೀಗೆ... ಟಪ್!

"ಎಡಗಾಲಲ್ಲ ಅದು!" ನಾನು ಎದ್ದು ನಿಂತಿದ್ದೆ. "ಎಡಗಾಲು ಕ್ಲಚ್ಚಿಗೆ! ಬ್ರೇಕು ಒತ್ತೋದು ಬಲಗಾಲಲ್ಲಿ! ನಾನು ಬಸ್ಸಲ್ಲಿ ಯಾವ ಕಾಲಲ್ಲಿ ತುಳಿದೆ? ಬಲಗಾಲಲ್ಲಿ ತಾನೇ ತುಳಿದಿದ್ದು?"

ಷಡ್ಡಕ ಗಡಿಯಾರದ ಒಳಗನ್ನು ನೋಡುವವನಂತೆ ಒಂದು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ.

"ಅಣ್ಣಾ... ಹಾಗಾದ್ರೆ ಆ ಮೂಟೆ?"

"ನಿಂತಿದೆಯಲ್ಲ, ನೋಡ್ಕೊಳ್ಳಿ," ಎಂದಳು ನನ್ನ ಧರ್ಮಪತ್ನಿ.

ನಗು ಹೇಗೆ ಸಿಡಿಯಿತೆಂದರೆ ಮಂಚ ಅಲುಗಾಡಿತು. ದನಿ ಏರಿಸದ ಷಡ್ಡಕ ಗೋಡೆ ಹಿಡಿದುಕೊಂಡು ನಕ್ಕ. ಹೊದಿಕೆಯ ಮೇಲಿನಿಂದ ಚೆಕಿಂಗು ತಲೆ ಹೊರಗೆ ಹಾಕಿದಳು.

"ಅಪ್ಪಾ, ರಾಜ ನಿನ್ನ ಕಡೆಗೆ ಮುಖ ಮಾಡಿ ಕೂತಿದ್ದಾನೆ. ನಿನ್ನ ಎಡಗಡೆ ಇರೋದು ಅವನ ಬಲಗಾಲು. ನೀನೇ ಮಾಡಿದ ಕಾಲು."

ದಿನವಿಡೀ ಕನ್ನಡಿ ನೋಡಿಕೊಂಡು ಬಸ್ಸು ಓಡಿಸುವ ನಾನು ಮನಸ್ಸಿನಲ್ಲೇ ಒಂದು ಸುತ್ತು ತಿರುಗಿ ನೋಡಿದೆ. ಹೌದು, ಬಲಗಾಲೇ. ಇಷ್ಟು ದೊಡ್ಡ ಗುಟ್ಟನ್ನು ನಾನು ಸರಿಯಾಗಿದ್ದ ಕಾಲಿಗಾಗಿ ಬಿಟ್ಟುಕೊಟ್ಟಿದ್ದೆ. ಕತ್ತರಿ ಹೋಯಿತು, ಮರ್ಯಾದೆ ಹೋಯಿತು. ಚಪ್ಪಲಿ ಹುಡುಕತೊಡಗಿದೆ.

"ಎಲ್ಲಿಗೆ ಹೊರಟೆ? ಆಟ ಮುಗಿದಿಲ್ಲ," ಎಂದಳು ಚೆಕಿಂಗು. "ಇನ್ನು ಡ್ರೈವರನ್ನ ರಾಜ ಬೈಯೋದಿದೆ. ನನಗೆ ಅಷ್ಟು ಚೆನ್ನಾಗಿ ಬೈಯೋಕೆ ಬರಲ್ಲ. ಕತ್ತರಿ ಕೊಡಲ್ಲ, ದಾರ ಕೊಡ್ತೀನಿ. ಬೇಕಾದ್ರೆ ಬಾ."

"ಬಾ ದೊಡ್ಡಪ್ಪಾ!" ಎಂದು ಕೂಗಿತು ಮಂಚದ ಮೇಲಿನ ಮಗು.

ಇಂಥ ಅವಮಾನಕ್ಕೆ ಯಾವ ಗಂಡಸಾದರೂ ಒಪ್ಪುತ್ತಾನೆಯೇ? ನಾನು ಮಂಡಿಯೂರಿ ಹೊದಿಕೆಯ ಹಿಂದೆ ತೂರಿಕೊಂಡೆ. ಚೆಕಿಂಗು ಸರಿದು ಜಾಗ ಬಿಟ್ಟಳು. ಪಕ್ಕದಲ್ಲೇ, ತೋಳಿಗೆ ತೋಳು ತಾಗುವಷ್ಟು. ಇಲ್ಲಿಂದ ನೋಡಿದರೆ ರಾಜನ ಬಲಗಾಲು ಬಲಗಡೆಯೇ ಇತ್ತು.

ಪೀಪಿ ಹಾರನ್ನು ಹೊಡೆದ. "ಏಯ್! ಕಣ್ಣೇನು ಡಿಪೋದಲ್ಲಿ ಬಿಟ್ಟು ಬಂದಿದ್ದೀಯಾ?" ಎಂದು ಗರ್ಜಿಸುತ್ತಾ ಎದ್ದು ನಿಂತು ದಾರ ಎಳೆದೆ. ರಾಜನ ಕಾಲು ಮೇಲೆದ್ದಿತು. ಅದರ ಜೊತೆಗೆ, ಯಾರ ಅಪ್ಪಣೆಯನ್ನೂ ಕೇಳದೆ, ನನ್ನದೂ ಎದ್ದಿತು. ಕುರ್ಚಿ ಅತ್ತ ಉರುಳಿತು, ಹೊದಿಕೆ ಇತ್ತ ಬಿತ್ತು. ರಾಜನೂ ನಾನೂ ಬಲಗಾಲು ಎತ್ತಿಕೊಂಡು ಸಭೆಯ ಮುಂದೆ ಹಾಗೇ ನಿಂತಿದ್ದೆವು.