ಊಟದ ನಾಟಕದಲ್ಲಿ ರೊಟ್ಟಿ ಬಡಿಸಿದಾಕಿ

ಕಿರಾಣಿ ಅಂಗಡಿ ಇಟ್ಟವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಉಪ್ಪು, ಬೆಲ್ಲ ಕೇಳುವ ನೆಪದಲ್ಲಿ ಅವೇ ಬಾಗಿಲಿಗೆ ಬರುತ್ತವೆ. ಅಂಗಡಿಗೆ ಖಾನಾವಳಿ, ಖಾನಾವಳಿಗೆ ನಾಟಕ ಕಂಪನಿ ಗಂಟುಬಿದ್ದರಂತೂ ಮುಗಿದೇ ಹೋಯಿತು. ಎಂಬತ್ತರ ದಶಕದ ಕೊನೆಗೆ ನನಗೆ ಹಾಗೆ ಗಂಟುಬಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಊರಿನ ಕ್ಯಾಂಪಿನಲ್ಲಿ ಆ ಕಂಪನಿಯ ತಗಡಿನ ಗೋಡೆಗೆ ಹತ್ತಿ ನನ್ನ ಒಲೆ ಉರಿಯುತ್ತಿತ್ತು. ಆಗ ನಕ್ಕದ್ದು ಬಹಳ. ಈಗ ಅವನ್ನೇ ಹೇಳಲು ಕೂತರೆ ನಗು ಅರ್ಧಕ್ಕೆ ನಿಲ್ಲುತ್ತದೆ. ಆದರೂ ಹೇಳುತ್ತೇನೆ.

ಸಾಯಲು ಬಿಡದ ರೊಟ್ಟಿ

ಸಿಂಧನೂರಿಗೆ ಭತ್ತ ಮಾರಲು ಬಂದ ಹಳ್ಳಿಯವರಿಗೆ ಸಂಜೆ ಎರಡು ಹಸಿವು. ಒಂದು ಹೊಟ್ಟೆಯದು, ಇನ್ನೊಂದು ನಾಟಕದ್ದು. ಕಡೆಯ ಬಸ್ಸಿನೊಳಗೆ ಎರಡೂ ತೀರುವಂತಿರಲಿಲ್ಲ. ಉಂಡು ಬಂದರೆ ನಾಟಕ ಅರ್ಧ ಆಗಿರುತ್ತಿತ್ತು. ನಾಟಕಕ್ಕೆ ಕೂತರೆ ಮಧ್ಯದಲ್ಲೇ ಎದ್ದು ಖಾನಾವಳಿ ಹುಡುಕುತ್ತಿದ್ದರು. ನಾನು ಕಂಪನಿಯ ಮಾಲೀಕನಿಗೆ ಹೇಳಿದೆ:

"ಮಾಲಕ್ರ, ಉಣ್ಣಾಕ ಸಾಲಿಗೊಂದು ಹಲಗಿ ಹಾಕೂಣು. ಊಟಾ ನಂದು, ನಾಟಕಾ ನಿಮ್ದು, ಟಿಕೀಟು ಒಂದ."

ಮಾಲೀಕ ಕಿವಿ ಮುಚ್ಚಿಕೊಂಡ. "ಸಾವುಕಾರ್ರ, ರಂಗಮಂಚ ಅಂದ್ರ ಸರಸ್ವತಿ. ಆಕಿ ಮುಂದ ಎಂಜಲಾ?"

"ಅನ್ನಪೂರ್ಣಿ ಏನು ಪರದೇಶದಾಕೇನ್ರಿ? ಅಕ್ಕತಂಗೇರಿದ್ದಂಗ, ಹೊಂದ್ಕೊಂತಾರ."

ದೇವಿಯರು ಹೊಂದಿಕೊಂಡರು. ಹೊಂದದ್ದು ಕಡಕ್ ರೊಟ್ಟಿ. ಮೊದಲ ದಿನವೇ ದುಃಖದ ನಾಟಕ. ನಾಯಕಿ, ಅಂದರೆ ಮಾಲೀಕನ ಹೆಂಡತಿ, ಗಂಡನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಡುವ ಸೀನು. "ಪತಿದೇವಾ, ನಾನಿನ್ನು..." ಅನ್ನುತ್ತಾಳೆ, ಕೆಳಗೆ ಕಟ್ ಅಂತ ಒಬ್ಬ ರೊಟ್ಟಿ ಮುರಿಯುತ್ತಾನೆ. "ನಮ್ಮ ಮಗುವನ್ನು..." ಅನ್ನುತ್ತಾಳೆ, ಹತ್ತು ಕಡೆಯಿಂದ ಕರ್ ಕರ್. ಒಬ್ಬ ಮುಷ್ಟಿಯಿಂದ ಗುದ್ದಿ ಉಳ್ಳಾಗಡ್ಡಿ ಬೇರೆ ಒಡೆದ. ಅರ್ಧ ಸತ್ತಿದ್ದ ನಾಯಕಿ ಎದ್ದು ಕೂತು ರಂಗದ ಮಗ್ಗುಲಿನ ರೆಕ್ಕೆಯ ಕಡೆ ತಿರುಗಿ ಕೂಗಿದಳು:

"ಯಪ್ಪಾ ಸಾವುಕಾರಾ, ಇವರಿಗೆ ಮೆತ್ತನ ರೊಟ್ಟಿ ಹಾಕೋ! ನೆಟ್ಟಗ ಸಾಯಾಕರ ಬಿಡ್ರಿ!"

ಮರುದಿನದಿಂದ ಬಿಸಿ ರೊಟ್ಟಿ. ಆಕೆ ದಿನಾ ಸುಖವಾಗಿ ಸತ್ತಳು.

ಬಸ್ಸಿಗೆ ಬಂದವನ ಕುದುರೆ

ಬಿಸಿ ರೊಟ್ಟಿ ಅಂದಮೇಲೆ ಬಡಿಸಲು ಕೈ ಬೇಕು. ಕಂಪನಿಯ ಹಾಸ್ಯಗಾರನ ಹೆಂಡತಿ ತಾನಾಗಿ ಬಂದಳು. ಒಂದು ಕಾಲಕ್ಕೆ ತಾನೂ ಪಾತ್ರ ಮಾಡಿದಾಕೆ, ಈಗ ತಲೆ ಬೆಳ್ಳಗಾಗಿ ಪರದೆ ಹೊಲಿಯುತ್ತಿದ್ದಳು. ಹಾಸ್ಯಗಾರನೆಂದರೆ ಆ ಕಂಪನಿಯ ಜೀವ. ಅವನು ಬರೀ ಧೋತರ ಸರಿಮಾಡಿಕೊಂಡು ನಿಂತರೆ ಸಾಕು, ಜನ ನಗುತ್ತಿದ್ದರು.

ಆಕೆ ಬಡಿಸುವ ರೀತಿ ನನಗೆ ತಿಳಿಯಲಿಲ್ಲ. ಗಂಡ ರಂಗದ ಮೇಲಿಲ್ಲದಾಗ ಹಿಂದಿನ ಸಾಲಿನವರೆಗೆ ಸರಸರ ಬಡಿಸುತ್ತಿದ್ದಳು. ಗಂಡ ಬಂದನೋ, ಬುಟ್ಟಿ ಹಿಡಿದುಕೊಂಡು ಮುಂದಿನ ಸಾಲು ಬಿಟ್ಟು ಕದಲುತ್ತಿರಲಿಲ್ಲ. ಗಂಡನ ಮೇಲಿನ ಮೋಹ ಅಂದುಕೊಂಡೆ. ವ್ಯಾಪಾರಕ್ಕೆ ಮೋಹ ಒಳ್ಳೆಯದಲ್ಲ. ಹೇಳಬೇಕು ಅನ್ನುವಷ್ಟರಲ್ಲಿ ಮುಕ್ಕುಂದದ ರೈತನೊಬ್ಬ ಊಟ ಬಿಟ್ಟು ಎದ್ದು ನನ್ನ ಹತ್ತಿರ ಬಂದ.

"ಸಾವುಕಾರ್ರ, ಆ ಮುದುಕಿ ರೊಟ್ಟಿ ಹಾಕಾಗ ನನಗ 'ಧಣೇರ, ನಿಮ್ಮ ಕುದುರಿ ಓಡಿಹೋತು' ಅಂದ್ಲು."

"ಅಂದ್ರ ಏನಾತೋ?"

"ನನ್ಹತ್ರ ಕುದುರಿ ಎಲ್ಲೈತ್ರಿ? ನಾ ಬಸ್ಸಿಗೆ ಬಂದೀನಿ."

ಆಗಲೇ ರಂಗದ ಮೇಲೆ ಹಾಸ್ಯಗಾರ ತೊಡೆ ತಟ್ಟಿ ಅಂದ: "ಧಣೇರ, ನಿಮ್ಮ ಕುದುರಿ ಓಡಿಹೋತು!" ಇಡೀ ಟೆಂಟು ನಕ್ಕಿತು. ರೈತ ಮಾತ್ರ ನಗಲಿಲ್ಲ. "ನೋಡ್ರಿ, ಅಂವಗೂ ಹೇಳ್ಯಾಳ," ಅಂದ.

ನನಗೆ ಆಗ ಹೊಳೆಯಿತು. ಆಟ ಮುಗಿದ ಮೇಲೆ ಬುಟ್ಟಿ ತೊಳೆಯುತ್ತಿದ್ದವಳನ್ನು ಕೇಳಿದೆ: "ಅಕ್ಕಾರ, ಮಾತು ಹೇಳಿಕೊಡೋರು ರೆಕ್ಕಿ ಸಂದ್ಯಾಗ ನಿಂದರ್ತಾರ. ನೀವು ಪಂಕ್ತ್ಯಾಗ ಯಾಕ ನಿಂದರ್ತೀರಿ?"

ಆಕೆ ಬುಟ್ಟಿಯಿಂದ ಕಣ್ಣೆತ್ತಲಿಲ್ಲ. "ರೆಕ್ಕ್ಯಾಗ ನಿಂತ್ರ ಮಾಲಕ್ರಿಗೆ ಗೊತ್ತಾಕ್ಕೈತ್ರಿ. ನಮ್ಮ ಮನಿಯವರಿಗೆ ಮರವು ಹತ್ತೈತಿ. ಪೂರಾ ನಾಟಕ ಬಾಯಾಗ ಇತ್ತು, ಈಗ ಮಾತು ಬಂದಲ್ಲೇ ನಿಂದರ್ತೈತಿ. ಮಾಲಕ್ರು ತಿಳಕೊಂಡ್ರ ಇಳಿಸಿಬಿಡ್ತಾರ. ಇಳಿಸಿದ್ರ ಅವರು ಉಳ್ಯಾಂಗಿಲ್ರಿ. ಸಣ್ಣಾಂವ ಇದ್ದಾಗ ಟೆಂಟಿನಾಗ ಬಂದಾರ, ಹೊರಗ ಹೆಂಗ ಬದುಕಬೇಕು ಅನ್ನೋದು ಅವರಿಗೆ ಮೊದಲೂ ಗೊತ್ತಿರಲಿಲ್ಲ."

"ಅವರಿಗೆ ತಮ್ಮ ಮರವು ಗೊತ್ತೈತೇನು?"

"ಇಲ್ರಿ. ನಾ ಬಾಳ ಒದರ್ತೀನಿ ಅಂತ ನನಗ ಬೈತಾರ."

ಮರುದಿನದಿಂದ ಮುಂದಿನ ಸಾಲನ್ನು ಆಕೆಗೇ ಬಿಟ್ಟೆ. ಮುಕ್ಕುಂದದ ರೈತ ಮರುವಾರ ಮತ್ತೆ ಬಂದ. ಊಟಕ್ಕೆ ಕೂರುವ ಮೊದಲೇ ಕೇಳಿದ: "ಸಾವುಕಾರ್ರ, ಆ ಕುದುರಿ ಸಿಕ್ಕಿತೇನ್ರಿ?"

ಮಸ್ಕಿಯ ಬದನೆಕಾಯಿ

ಮಸ್ಕಿಗೆ ಕ್ಯಾಂಪು ಬಂದಾಗ ನನಗೊಂದು ಲೆಕ್ಕ ಗಟ್ಟಿಯಾಗಿತ್ತು. ನಗೆಯ ನಾಟಕಕ್ಕೆ ಅಡಿಗೆ ಸಾಲುವುದಿಲ್ಲ, ದುಃಖದ ನಾಟಕಕ್ಕೆ ಉಳಿಯುತ್ತದೆ. ಗಂಟಲು ಕಟ್ಟಿದವನು ಎಷ್ಟು ತಿಂದಾನು? ಅದಕ್ಕೇ ದುಃಖದ ದಿನ ನಾನು ಬದನೆಕಾಯಿ ಕಮ್ಮಿ ತರಿಸುತ್ತಿದ್ದೆ.

ಅವತ್ತು ದುಃಖದ್ದೇ. ಹಾಸ್ಯಗಾರನಿಗೆ ಮುದುಕ ತಂದೆಯ ಪಾತ್ರ. ಸೊಸೆ ಹೊರಗೆ ಹಾಕಿದ್ದಾಳೆ, ಕಟ್ಟೆಯ ಮೇಲೆ ಕೂತು "ಯವ್ವಾ, ಒಂದು ತುತ್ತು" ಅಂತ ಕೈಯೊಡ್ಡುತ್ತಾನೆ. ಎದುರಿಗೆ ನೂರಾರು ಜನ ತುತ್ತು ಕೈಯಲ್ಲಿ ಹಿಡಿದು ಕೂತಿದ್ದಾರೆ! ಯಾರ ಬಾಯಿಗೂ ಕೈ ಹೋಗಲಿಲ್ಲ. ಹಣೆತುಂಬ ವಿಭೂತಿ ಹಚ್ಚಿದ್ದ ಒಬ್ಬ ಅಜ್ಜಿ ತಾಟು ಎತ್ತಿಕೊಂಡು ಸೀದಾ ರಂಗದ ಮೇಲೆ ಏರಿದಳು.

"ಉಣ್ಣು ನನ್ನಪ್ಪಾ. ಆಕಿ ಕೈ ಸೇದಿ ಹೋಗಲಿ. ಬಾಯಿ ತೆಗಿ."

ಹಾಸ್ಯಗಾರ ಬಾಯಿ ತೆರೆದ. ಒಂದು ತುತ್ತು, ಎರಡು ತುತ್ತು, ಎಣ್ಣೆಗಾಯಿ, ಶೇಂಗಾ ಹಿಂಡಿ, ಎಲ್ಲ ಉಂಡ. ನಾಟಕ ಮುಂದೆ ಹೋಗಲಿಲ್ಲ. ಸೊಸೆಯ ಪಾತ್ರದಾಕೆ ಒಳಗೆ ಬರಲು ಹೋದಳು, ಅಜ್ಜಿ ಕೈಯೆತ್ತಿದಳು: "ಬಾ ಇಲ್ಲಿ ಬಾ, ನಿನಗೂ ಬಡಿಸ್ತೀನಿ." ಆ ಹುಡುಗಿ ಹಿಂದಕ್ಕೆ ಓಡಿಹೋಯಿತು. ಕೆಳಗಿದ್ದವರೂ ತಾಟು ಹಿಡಿದು ಸಾಲು ನಿಂತರು. ಮಾಲೀಕ ಹಣೆ ಹಣೆ ಬಡಿದುಕೊಂಡ. ಕೊನೆಗೆ ಹಾಸ್ಯಗಾರನ ಹೆಂಡತಿ ಬುಟ್ಟಿ ಸಮೇತ ಮೇಲೆ ಹೋಗಿ, "ಮಾವಾರ, ಉಂಡದ್ದು ಸಾಕು, ಮನಿಗೆ ನಡೀರಿ" ಅಂತ ಕೈ ಹಿಡಿದು ಕರೆತಂದಳು. ಒಳ್ಳೆಯ ಸೊಸೆ ಅಂತ ಜನ ಚಪ್ಪಾಳೆ ಹೊಡೆದರು.

ಒಳಗೆ ಬಣ್ಣ ಒರೆಸುತ್ತಿದ್ದಾಗ ಅವನು ಹೆಂಡತಿಯ ಸೆರಗು ಜಗ್ಗಿ ಕೇಳಿದ: "ಉಣಿಸಿದಾಕಿ ನಮ್ಮವ್ವ ಅಲ್ಲೇನು?"

ಅವನ ಅವ್ವ ಸತ್ತು ಯಾವ ಕಾಲವಾಗಿತ್ತೋ. ಹೆಂಡತಿ ಅವನ ಗಲ್ಲಕ್ಕೆ ಹತ್ತಿದ್ದ ಎಣ್ಣೆ ಒರೆಸಿದಳು. ಆಮೇಲೆ ಅಂದಳು: "ಹೌದ್ರಿ, ನಿಮ್ಮವ್ವನ. ಊರಿಂದ ಬಂದಿದ್ಲು. ಎಣ್ಣೆಗಾಯಿ ಮಾಡ್ಕೊಂಡು ಬಂದಿದ್ಲು."

"ಅದಕ್ಕ ಮತ್ತ! ಈ ಸಾವುಕಾರಗ ಇಂಥ ಎಣ್ಣೆಗಾಯಿ ಈ ಜನ್ಮದಾಗ ಬರಾಂಗಿಲ್ಲ."

ಅದು ನನ್ನ ಒಲೆಯದೇ ಎಣ್ಣೆಗಾಯಿ. ಸತ್ತವರ ಜೊತೆ ಪೈಪೋಟಿ ಮಾಡಿ ಗೆದ್ದ ಖಾನಾವಳಿ ಎಲ್ಲೂ ಇಲ್ಲ.

ಡಾಕ್ಟರರಿಗೆ ವಾರ ಮರೆತದ್ದು

ಲಿಂಗಸುಗೂರಿನಲ್ಲಿ ಕ್ಯಾಂಪು ಹಾಕಿದಾಗ ನಾನೇ ಅವನನ್ನು ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಮಾಲೀಕನಿಗೆ ಹಲ್ಲುನೋವು ಅಂತ ಹೇಳಿದ್ದೆವು. ಹೆಂಡತಿ ಒಳಗೆ ಬರಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಳು.

ಡಾಕ್ಟರರು ಕೇಳಿದರು: "ಇವತ್ತು ಯಾವ ವಾರ, ಅಜ್ಜಾರೆ?"

ಹಾಸ್ಯಗಾರ ಅವರನ್ನು ನೋಡಿದ, ನನ್ನನ್ನು ನೋಡಿದ. "ಪಾಪ, ಕೆಲಸದಾಗ ಮರ್ತಾರ. ಸಾವುಕಾರ್ರ, ಹೇಳ್ರಿ ಅವರಿಗೆ."

"ಇದು ಯಾವ ಊರು?"

"ಊರು ಗೊತ್ತಿಲ್ದ ದವಾಖಾನಿ ಇಟ್ಟೀರಿ? ಧೈರ್ಯ ಮೆಚ್ಚಬೇಕ್ರಿ."

ಕಾಂಪೌಂಡರ ನಗು ತಡೆಯಲಾರದೆ ಬಾಟಲಿ ಕೆಳಗಿಟ್ಟ. ಡಾಕ್ಟರರೂ ನಕ್ಕರು. "ಆತು, ನಿಮ್ಮ ಹೆಂಡತಿ ಹೆಸರು ಹೇಳ್ರಿ."

ಹಾಸ್ಯಗಾರನ ಬಾಯಿ ತೆರೆಯಿತು, ಏನೂ ಬರಲಿಲ್ಲ. ಅವನ ಕಣ್ಣು ಪಂಕ್ತಿಯಲ್ಲಿ ಬುಟ್ಟಿ ಹುಡುಕಿದಂತೆ ಕೋಣೆಯ ಸುತ್ತ ಓಡಾಡಿತು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಸೆಟೆದು ಕೂತ: "ಮರ್ಯಾದಸ್ಥರು ಪರಗಂಡಸರ ಮುಂದ ಹೇಣ್ತಿ ಹೆಸರು ಹೇಳ್ತಾರೇನ್ರಿ?"

ಡಾಕ್ಟರರು ಚೀಟಿ ಬರೆದರು. ಇದಕ್ಕೆ ಔಷಧವಿಲ್ಲ, ನಿದ್ದೆಗೆ ಮಾತ್ರ ಅಂದರು. ಹೊರಗೆ ಬಂದಾಗ ಆಕೆ ನನ್ನನ್ನೇ ಕೇಳಿದಳು: "ನನ್ನ ಹೆಸರು ಕೇಳಿದ್ರೇನ್ರಿ? ಹೇಳಿದ್ರಾ?"

"ಮರ್ಯಾದಿಗೆ ಹೇಳಲಿಲ್ಲ, ಅಕ್ಕಾರ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಲಗ್ನ ಆದಾಗಿಂದ ಊರೂರು ಮಂದಿ ಮುಂದ ಸ್ಟೇಜಿನ ಮ್ಯಾಲ ನನ್ನ ಹೆಸರು ಹಿಡದು ಒದರ್ಯಾರ. ಮರ್ಯಾದಿ ಇವತ್ತು ಬಂತು ನೋಡ್ರಿ."

ಪರರ ಹೆಂಡತಿ

ಗುಟ್ಟು ಎಷ್ಟು ದಿನ ನಿಂತೀತು? ಒಂದು ದಿನ ಸೀನಿನ ಮಧ್ಯೆ ಅವನು ಬೇರೆ ನಾಟಕದ ಮಾತು ಹೇಳಿಬಿಟ್ಟ. ಮಾಲೀಕ ಹಾಸ್ಯಗಾರನ ಹೆಂಡತಿಯನ್ನೂ ನನ್ನನ್ನೂ ಕರೆದ. ಕೆಟ್ಟವನಲ್ಲ. ಊರೂರಿಗೆ ವಿಡಿಯೋ ಬಂದು ಅವನ ಕಂಪನಿಯೇ ಕುಂಟುತ್ತಿತ್ತು.

"ಅಕ್ಕಾರ, ನನಗೂ ಕರುಳೈತಿ. ಆದ್ರ ಜನ ನಗಲಿಕ್ಕೆ ಬರ್ತಾರ. ಹುಬ್ಬಳ್ಳಿ ಕಡಿಂದ ಒಬ್ಬ ಹಾಸ್ಯಗಾರನ್ನ ಕರಿಸೀನಿ. ಇವತ್ತು ಕೂತು ನೋಡ್ತಾನ. ನಿಮ್ಮವರು ಇವತ್ತು ತಪ್ಪಿದ್ರ, ನಾಳಿಂದ ಅಂವ ಬಣ್ಣ ಹಚ್ಚತಾನ."

"ನಾವು ಎಲ್ಲಿಗೆ ಹೋಗೂಣ್ರಿ?" ಅಂದಳು. ಮಾಲೀಕ ಟಿಕೀಟಿನ ಪುಸ್ತಕ ತೆಗೆದುಕೊಂಡು ಗೇಟಿನ ಕಡೆ ನಡೆದ.

ಸಂಜೆ ಟೆಂಟು ತುಂಬಿತ್ತು. ಗುರುಗುಂಟಾದಿಂದ ಒಂದು ಟ್ರ್ಯಾಕ್ಟರ್ ಜನ ಬಂದಿದ್ದರು. ಹೊಸ ಹಾಸ್ಯಗಾರ ಮುಂದಿನ ಸಾಲಿನಲ್ಲಿ ಕೂತು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ. ಮಾಲೀಕ ರೆಕ್ಕೆಯಲ್ಲಿ, ನಾನು ಸಾರಿನ ಬಕೀಟಿನ ಹತ್ತಿರ.

ಹಾಸ್ಯಗಾರ ಬಂದ, ಧೋತರ ಸರಿಮಾಡಿಕೊಂಡ, ಜನ ನಕ್ಕರು. ಮೊದಲ ಮಾತು ಸರಿಯಾಗಿ ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ನಿಂತ. ಆಕೆ ಬುಟ್ಟಿ ಹಿಡಿದು ರಂಗದ ಅಂಚಿಗೇ ಬಂದು, ರೊಟ್ಟಿ ಬಡಿಸುತ್ತ ಮಾತು ಹೇಳಿಕೊಟ್ಟಳು. ಅವನು ತೆಗೆದುಕೊಳ್ಳಲಿಲ್ಲ. ಮತ್ತೆ ಹೇಳಿದಳು, ಈ ಸಲ ನನಗೂ ಕೇಳುವಂತೆ. ಅವನು ಮಾತು ಬಿಟ್ಟು ಆಕೆಯ ಮುಖವನ್ನೇ ನೋಡತೊಡಗಿದ. ಆಮೇಲೆ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತ.

"ಯವ್ವಾ, ನಿನ್ನ ಎಲ್ಲೋ ನೋಡೀನಲ್ಲ?"

ಜನ ಇದು ನಾಟಕ ಅಂದುಕೊಂಡು ನಕ್ಕರು. ಅದು ನಾಟಕವಲ್ಲ ಅಂತ ಗೊತ್ತಿದ್ದವರು ಆಕೆ ಮತ್ತು ನಾನು, ಇಬ್ಬರೇ. ಆಕೆಯ ಕೈಯಲ್ಲಿದ್ದ ಬುಟ್ಟಿ ವಾಲಿತು, ಒಂದು ರೊಟ್ಟಿ ಕೆಳಗೆ ಬಿತ್ತು. ಆದರೆ ಹಳೆಯ ನಟಿ. ಬುಟ್ಟಿ ಸೊಂಟಕ್ಕೆ ಇಟ್ಟು ಮುಖ ಮೇಲೆತ್ತಿದಳು.

"ನೋಡಿರಬೇಕ್ರಿ. ಇಲ್ಲೇ ಅಡ್ಡಾಡತಿರ್ತೀನಿ."

"ಚೊಲೊ ಅದಿ. ಲಗ್ನ ಆಗೇತೇನು?"

"ಆಗೇತ್ರಿ."

"ಗಂಡ ಏನ್ ಮಾಡ್ತಾನ?"

"ನಾಟಕದಾಗ ಮಂದೀನ್ನ ನಗಸ್ತಾರ್ರಿ."

"ಅಯ್ಯ ನಿನ್ನ!" ಅಂತ ಹಣೆ ಬಡಿದುಕೊಂಡ. "ಇಷ್ಟು ಚೊಲೊ ಹೆಣ್ಣಿಗೆ ಎಂಥಾ ಗಂಡನ್ನ ಕಟ್ಟ್ಯಾರ! ಮನ್ಯಾಗರ ನಗಸ್ತಾನೇನು?"

ಆಕೆ ಕೆಳಗೆ ಬಿದ್ದಿದ್ದ ರೊಟ್ಟಿ ಎತ್ತಿಕೊಂಡಳು. "ಮೊದಲ ಬಾಳ ನಗಸ್ತಿದ್ದರ್ರಿ. ಈಗ ಬಿಟ್ಟಾರ."

"ಹಂಗಾರ ಅವನ್ನ ಬಿಟ್ಟು ನನ್ನ ಕೂಡ ಬಾ. ಹೊಟ್ಟಿಗೆ ಗ್ಯಾರಂಟಿ ಇಲ್ಲ, ನಗಿಗೆ ಕಮ್ಮಿ ಮಾಡಾಂಗಿಲ್ಲ."

ಟೆಂಟಿನ ತಗಡು ಅದುರಿತು. ಗುರುಗುಂಟಾದವರು ಸಿಳ್ಳೆ ಹಾಕಿದರು. "ಹೋಗಬೇ ಯಕ್ಕಾ, ಹೋಗು!" ಅಂತ ಹೆಂಗಸರ ಕಡೆಯಿಂದ ಕೂಗು ಬಂತು. ಹೊಸ ಹಾಸ್ಯಗಾರನಿಗೆ ಅನ್ನ ನೆತ್ತಿಗೇರಿತು. ಪಕ್ಕದವರು ಬೆನ್ನಿಗೆ ಗುದ್ದಿದರು. ಆಕೆ ಗದ್ದಲ ಇಳಿಯುವವರೆಗೆ ಕಾದಳು, ಕಲಿತ ನಟಿ ಕಾಯುವ ಹಾಗೆ. ಆಮೇಲೆ ಅಂದಳು:

"ಅವರನ್ನ ಒಂದು ಮಾತು ಕೇಳಿ ಹೇಳ್ತೀನ್ರಿ."

ಪರದೆ ಎಳೆಯಬೇಕಾಯಿತು, ಜನ ನಾಟಕ ಮುಂದುವರಿಸಲು ಬಿಡಲಿಲ್ಲ. ಹೊಸ ಹಾಸ್ಯಗಾರ ಕೈ ತೊಳೆದುಕೊಂಡು ನನ್ನ ಹತ್ತಿರ ಬಂದು, "ಇವರ ಮುಂದ ನಾ ಏನ್ ಮಾಡ್ಲಿ? ನನ್ನ ಬಸ್ಸು ಎಷ್ಟೊತ್ತಿಗೈತ್ರಿ?" ಅಂದ. ಮಾಲೀಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಓಡಿಬಂದ.

"ಅಕ್ಕಾರ! ಈ ಸೀನು ಯಾವಾಗ ಬರದ್ರಿ? ಇಬ್ಬರೂ ಇಲ್ಲೇ ಇರ್ರಿ, ಎಲ್ಲಿಗೂ ಹೋಗಬ್ಯಾಡ್ರಿ. ಇದನ್ನ ದಿನಾ ಇಡೂಣು!"

ಹಾಸ್ಯಗಾರ ಒಳಗಿನಿಂದ ಇಣುಕಿ, ಬುಟ್ಟಿ ಹಿಡಿದಾಕೆ ಹೋದಳೋ ಇದ್ದಾಳೋ ಅಂತ ನೋಡುತ್ತಿದ್ದ. ಮದುವಣಿಗನ ಮುಖ. ಆಕೆ ಅವನನ್ನು ಒಂದು ಸಲ ನೋಡಿ ಮಾಲೀಕನಿಗೆ ಅಂದಳು:

"ದಿನಾ ಬ್ಯಾಡ್ರಿ ಮಾಲಕ್ರ. ಯಾವತ್ತರ ಒಂದಿನ ನಾ ಇವರ ಕೂಡ ಹೋಗಾಕ ಹೂಂ ಅಂದುಬಿಟ್ರ, ನಮ್ಮ ಮನಿಯವರು ಒಬ್ಬರ ಉಳೀತಾರ."